ಕಲ್ಲಪ್ಪನ ಮಾಡಿನ ಸೇತುವೆಗೆ ನಾನು ಹಾಕಿಸಿದ ಬೋಲ್ಟು

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನನ್ನನ್ನು ಚಿಕ್ಕೋಡಿಗೆ ಹಾಕಿದ್ದರು. ಸಹಾಯಕ ಇಂಜಿನಿಯರ್, ರಸ್ತೆ, ಸೇತುವೆಗಳ ಕೆಲಸ. ಭೋಜ ಎಂಬ ಊರಿನ ಆಚೆ ಒಂದು ಹಳ್ಳಕ್ಕೆ ನಾನೇ ಬಿಸಿಲಲ್ಲಿ ನಿಂತು ಕಾಂಕ್ರೀಟ್ ಸೇತುವೆ ಕಟ್ಟಿಸಿದೆ. ಒಂದು ಬಿರುಕಿಲ್ಲ. ಆದರೂ ಟ್ರ್ಯಾಕ್ಟರ್ ಬಿಟ್ಟರೆ ಅದರ ಮೇಲೆ ನರಪಿಳ್ಳೆಯೂ ಬರುತ್ತಿರಲಿಲ್ಲ.

ಕಾರಣ, ಕೂಗಳತೆಯಲ್ಲೇ ಇದ್ದ ಹಳೆಯ ಮರದ ಕಾಲುಸೇತುವೆ. ಸಾಗವಾನಿ ತೊಲೆ, ಹಲಗೆ, ಮೇಲೆ ಹಂಚಿನ ಮಾಡು. ತಲೆಮೇಲಿನ ತಂಬಾಕಿನ ಹೊರೆ ಅಕಾಲದ ಅಡ್ಡಮಳೆಗೆ ನೆನೆಯಬಾರದೆಂದು ಊರಿನ ಬಡಿಗ ಕಲ್ಲಪ್ಪನ ಅಜ್ಜ ಕಟ್ಟಿದ್ದಂತೆ. ಈಗ ಅದರ ದುರಸ್ತಿಯೆಲ್ಲ ಕಲ್ಲಪ್ಪನದೇ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮನೆಗೊಂದು ಬಟ್ಟಲು ಔಡಲೆಣ್ಣೆ ತಂದು ಊರವರೇ ಹಲಗೆಗಳಿಗೆ ತಿಕ್ಕುತ್ತಿದ್ದರು.

ಹೊರೆ ಹೊತ್ತು ಹೊರಟ ಹೆಣ್ಣುಮಗಳೊಬ್ಬಳನ್ನು, ಹೊಸ ಸೇತುವೆ ಬಿಟ್ಟು ಇಲ್ಲಿಂದೇಕೆ ಎಂದು ಕೇಳಿದೆ.

"ಅದು ಸರಕಾರದ್ದರಿ. ಇದು ನಮ್ಮ ಕಲ್ಲಪ್ಪಣ್ಣಂದು."

ಹೊಟ್ಟೆಗೆ ಬೆಂಕಿ ಬಿತ್ತು. ನಾಲ್ಕನೇ ಇಯತ್ತೆ ಓದಿದ ಬಡಿಗನ ಮುಂದೆ ನನ್ನ ಡಿಗ್ರಿ ಯಾವ ಲೆಕ್ಕಕ್ಕೂ ಇಲ್ಲವೇ? ಮನೆಯಲ್ಲಿ ಊಟಕ್ಕೆ ಕೂತರೂ ಅವನದೇ ಮಾತು. "ಆ ಕಲ್ಲಪ್ಪಗೂ ಒಂದು ತಾಟ ಹಾಕ್ಲೇನ್ರಿ?" ಎಂದು ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ.

ಆ ವರ್ಷ ಮಳೆಗೆ ಮುಂಚೆ ಮರದ ಸೇತುವೆಯ ತಪಾಸಣೆ ನನಗೇ ಬಂತು. ಕಾಲಿಟ್ಟರೆ ಹಲಗೆಗಳು ತುಸು ಅಲುಗುತ್ತಿದ್ದವು, ನಡುವೆ ಸಂದು. ಸಡಿಲವಾಗಿವೆ, ಬಿಗಿ ಮಾಡಬೇಕು ಎಂದೆ. ಕಲ್ಲಪ್ಪ ಟೊಪಗಿ ತೆಗೆದು ಕೈಮುಗಿದ.

"ಸಡಿಲ ಆಗಿಲ್ರಿ ಸಾಹೇಬ್ರ, ಬೇಕಂತ ಬಿಟ್ಟೀವ್ರಿ. ಮ್ಯಾಲ ಮಾಡ ಇದ್ರೂ ಹಳ್ಳದ ಹಸಿ ಥಂಡಿಗೆ ಕಟಿಗಿ ಉಬ್ಬತೈತ್ರಿ."

ನನಗೆ ಗೊತ್ತಿರದ ಮಾತಲ್ಲ. ಬಿಸಿಲಿಗೆ ಹಿಗ್ಗಲೆಂದು ಕಾಂಕ್ರೀಟಿನಲ್ಲೂ ನಾವು ಸಂದು ಬಿಡುತ್ತೇವೆ. ಎಕ್ಸ್‌ಪ್ಯಾನ್ಶನ್ ಜಾಯಿಂಟ್ ಎನ್ನುವುದು ಅದಕ್ಕೇ. ಆದರೆ ನೆರೆದ ಮಂದಿಯೆಲ್ಲ ಅವನ ಮಾತಿಗೆ ತಲೆದೂಗಿದ್ದು ಕಂಡು ಮೈಯೆಲ್ಲ ಉರಿಯಿತು. "ಇಂಜಿನಿಯರ್ ನಾನೋ, ನೀನೋ?" ಎಂದು ಗದರಿದೆ. ಹಲಗೆಗಳನ್ನು ಒತ್ತಿ ಕೂಡಿಸಿ, ಕಬ್ಬಿಣದ ಪಟ್ಟಿ ಬಡಿಸಿ, ಬೋಲ್ಟ್ ಬಿಗಿಸಿದೆ.

ಮಳೆ ಹಿಡಿಯಿತು. ಹಲಗೆಗಳು ಉಬ್ಬಿ ನಡುವೆ ಎದ್ದು ನಿಂತವು. ಬೋಲ್ಟಿನ ತೂತಿನಿಂದ ತೊಲೆಗಳೇ ಸೀಳಿಹೋದವು. ಇಡೀ ಸೇತುವೆಯನ್ನೇ ಬಿಚ್ಚಿ ತೆಗೆಯದೆ ಗತ್ಯಂತರವಿರಲಿಲ್ಲ. ಬಿಚ್ಚುವ ದಿನ ಊರವರು ನನ್ನನ್ನು ಸುತ್ತುವರಿದರು. "ಬೋಲ್ಟ್ ಹಾಕ್ಸಿದವ್ರು ಯಾರ್ರಿ? ಹೇಳ್ರಿ!" ಕಲ್ಲಪ್ಪ ಮಂದಿಯನ್ನು ಸರಿಸಿಕೊಂಡು ಮುಂದೆ ಬಂದ.

"ನಮ್ಮಜ್ಜನ ಕಟಿಗಿ ಹಳೇದಾಗಿತ್ರೋ. ಸಾಹೇಬ್ರಿಗೆ ಯಾಕ ಅಂತೀರಿ?"

ಒಂದೇ ಮಾತಿಗೆ ಊರು ತಣ್ಣಗಾಯಿತು. ನಾಚಿಕೆಬಿಟ್ಟು ಹೇಳುತ್ತೇನೆ, ಆಗಲೂ ನನಗೆ ಬಂದದ್ದು ಹೊಟ್ಟೆಕಿಚ್ಚೇ. ನಾನು ಗಂಟಲು ಹರಿದುಕೊಂಡಿದ್ದರೂ ಆ ಮಂದಿ ಸುಮ್ಮನಾಗುತ್ತಿರಲಿಲ್ಲ.

ಯಾರ ಮೇಲಾದರೂ ಹೊಟ್ಟೆಕಿಚ್ಚಿದ್ದರೆ ಅವರ ಕೆಲಸದ ತಪಾಸಣೆಗೆ ನೀವು ಹೋಗಬೇಡಿ, ಬೇರೆಯವರನ್ನು ಕಳಿಸಿ ಎಂದು ಕಿರಿಯ ಇಂಜಿನಿಯರರಿಗೆ ಈಗ ಹೇಳುತ್ತಿರುತ್ತೇನೆ. ಅಂದು ಕಲ್ಲಪ್ಪ ನನ್ನ ತಪ್ಪನ್ನು ಸತ್ತ ಅಜ್ಜನ ತಲೆಗೆ ಕಟ್ಟಿ ನನ್ನ ಮಾನ ಉಳಿಸಿದ. ತಪ್ಪು ನನ್ನದು ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಜೀಪು ಹತ್ತಿದೆ.