ಕೊಂಡಿಗೆ ಬಳಿದ ಕೆಂಪು ಬಣ್ಣ

ಹೈದರಾಬಾದಿನಲ್ಲಿ ನಮಗೆ ಸಿಕ್ಕ ಮನೆಗೆ ಆರು ಗಾಲಿಗಳಿದ್ದವು. ಊರೂರು ತಿರುಗುವ ಕಣ್ಣಿನ ದವಾಖಾನೆಯ ಬಸ್ಸಿಗೆ ನಾನು ಡ್ರೈವರ್. ಅದರೊಳಗೇ ಒಂದು ಮಂಚ, ಒಂದು ಸ್ಟೋವು, ನಾನು, ನನ್ನ ಹೆಂಡತಿ ಕಸ್ತೂರಿ. ಡಾಕ್ಟರರ ಜೀಪನ್ನು ಕಬ್ಬಿಣದ ಕೊಂಡಿ ಹಾಕಿ ಬಸ್ಸಿನ ಹಿಂದೆ ಎಳೆದೊಯ್ಯಬೇಕು. ನಮ್ಮೂರು ಗದಗಿನಲ್ಲಿ ಕಸ್ತೂರಿಗೆ ಓಣಿಯ ತುಂಬ ಗೆಳತಿಯರು. ಇಲ್ಲಿ ಬಾಲಾನಗರದ ನಳದ ಮುಂದೆ ನಿಂತರೂ ಮಾತಾಡಲು ಒಂದು ಜೀವವಿಲ್ಲ.

ದಸರೆ ಮುಗಿದದ್ದೇ ಜೀಪಿನ ಹಿಂದಿನ ದೀಪ ಕೈಕೊಟ್ಟಿತು. ಬಲ್ಬು ಬದಲಿಸಿದೆ, ಫ್ಯೂಸ್ ಬದಲಿಸಿದೆ, ಬಸ್ಸಿನಿಂದ ಜೀಪಿಗೆ ಹೋಗುವ ಒಂದೇ ಒಂದು ವೈರನ್ನು ಗೇಣುಗೇಣು ತಡವಿ ನೋಡಿದೆ. ನಾನು ಬಸ್ಸಿನ ಬ್ರೇಕ್ ಒತ್ತುವುದು, ಜೀಪಿನ ಹಿಂದೆ ನಿಂತ ಕಸ್ತೂರಿ "ಇಲ್ರೀ, ಹತ್ತವಲ್ದು" ಎನ್ನುವುದು, ಮೂರು ದಿನ ಇದೇ ಆಯಿತು. ಊರಲ್ಲಾಗಿದ್ದರೆ ಸೋದರಮಾವನ ಗ್ಯಾರೇಜಿನಲ್ಲಿ ಬಿಟ್ಟು ಚಹಾ ಕುಡಿಯುತ್ತ ಕೂತಿರುತ್ತಿದ್ದೆ. ಇಲ್ಲಿ ನನ್ನ ಮೇಲೇ ಸಿಟ್ಟು ಬಂದು ಅಳು ಬರುವಂತಾಗಿತ್ತು.

"ರೇಪು ಪೊದ್ದುನ್ನ ಲೈಟು ವೆಲಗಾಲಿ" ಎಂದರು ಆಫೀಸಿನ ಸಾಹೇಬರು. ನಾಳೆ ಬೆಳಿಗ್ಗೆ ದೀಪ ಹತ್ತಲೇಬೇಕು, ಇಲ್ಲದಿದ್ದರೆ ಬೇರೆ ಡ್ರೈವರ್ ಬರುತ್ತಾನೆ. ನೌಕರಿಯ ಜೊತೆ ಮನೆಯೂ ಹೋಗುತ್ತದೆ. ಕಸ್ತೂರಿ ಟ್ರಂಕಿಗೆ ಬಟ್ಟೆ ತುಂಬತೊಡಗಿದಳು. ಪಾಪ, ಹೆದರಿದ್ದಾಳೆ ಅಂದುಕೊಂಡೆ.

ಸಂಜೆ ಪಕ್ಕದ ವರ್ಕ್‌ಶಾಪಿನ ಮಸ್ತಾನ್ ಭಾಯಿಯನ್ನು ಕಾಡಿ ಬೇಡಿ ಕರೆತಂದೆ. ಆತ ವೈರು ಮುಟ್ಟಲೇ ಇಲ್ಲ. ಕೊಂಡಿ ನೋಡಿ, "ಯೇ ರಂಗ್ ಕಾಯ್ಕು ಲಗಾಯೇ ಮಿಯಾಂ?" ಎಂದ. ಈ ಬಣ್ಣ ಯಾಕೆ ಹಚ್ಚಿದಿರಿ ಅಂತ. ಹಚ್ಚಿದವಳು ಕಸ್ತೂರಿ. ನಮ್ಮ ಕಡೆಯ ದಸರೆಯ ಖಂಡೇ ಪೂಜೆ ನಿಮಗೆ ಗೊತ್ತಲ್ಲ, ದುಡಿಯುವ ಕಬ್ಬಿಣವನ್ನೆಲ್ಲ ತೊಳೆದು ಪೂಜಿಸುತ್ತೇವೆ. ಊರಿನ ಹಬ್ಬ ಅಂತ ಅವಳು ಇಲ್ಲಿ ಮಾಡಿದ್ದು ಅದೊಂದೇ. ಕೊಂಡಿಯನ್ನು ತಿಕ್ಕಿ ತೊಳೆದು ಒಳಗೂ ಹೊರಗೂ ಕೆಂಪು ಬಳಿದಿದ್ದಳು. ದೀಪಕ್ಕೆ ಹೋದ ಕರೆಂಟು ವಾಪಸು ಬರುವುದು ಆ ಕಬ್ಬಿಣದ ಮೂಲಕವೇ. ಬಣ್ಣ ಅದನ್ನು ತಡೆದಿತ್ತು. ಅವಳೆದುರಿಗೇ ಕೆರೆದು ತೆಗೆದೆ.

ಹೋಗಿ ಬ್ರೇಕ್ ಒತ್ತಿದೆ. ಹಿಂದಿನಿಂದ ದನಿಯಿಲ್ಲ. ಕನ್ನಡಿಯಲ್ಲಿ ನೋಡಿದರೆ ಅವಳ ಸೆರಗಿನ ಮೇಲೆ ಕೆಂಪು ಬೆಳಕು ಬಿದ್ದಿದೆ.

"ಹತ್ತೈತೇನ?" ಎಂದು ಕೂಗಿದೆ. ಕನ್ನಡಿಯಲ್ಲಿ ಅವಳು ಆ ಸೆರಗನ್ನೇ ಕಣ್ಣಿಗೊತ್ತಿಕೊಂಡಳು. ಅವಳು ಟ್ರಂಕು ತುಂಬಿದ್ದು ಹೆದರಿಕೆಯಿಂದಲ್ಲ ಎಂದು ಆಗ ಹೊಳೆಯಿತು.

"ಹತ್ತೈತ್ರಿ" ಎಂದಳು ಕೊನೆಗೆ, ಅಳುತ್ತ.

ಹತ್ತವಲ್ದು ಅಂದಿದ್ದರೆ, ಕನ್ನಡಿಯಲ್ಲಿ ಕಂಡದ್ದನ್ನು ಮರೆತು ನಾನೂ ಅವಳ ಜೊತೆ ಊರಿಗೆ ಹೊರಟುಬಿಡುತ್ತಿದ್ದೆ.