ಅಳುತ್ತಾ ಕೂತವಳು ನಾನಲ್ಲ

ಬಂಗಾರಪೇಟೆಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರಾಗಿದ್ದ ಕಲಾ, ಐದು ವರ್ಷ ಕೂತು ಒಂದೊಂದೇ ಚಿತ್ರ ಬರೆದು, ತನ್ನ ಬಾಲ್ಯದ ಬಗ್ಗೆ ಹನ್ನೆರಡು ನಿಮಿಷದ ಅನಿಮೇಷನ್ ಸಿನಿಮಾ ಮಾಡಿದ್ದಳು. ಚಿನ್ನದ ಗಣಿ ಮುಚ್ಚಿದಾಗ ಅವಳಿಗೆ ಒಂಬತ್ತು ವರ್ಷ. ಊರಿಗೆ ಊರೇ ಬೀದಿಗೆ ಇಳಿದಿದ್ದ ದಿನಗಳವು. ಒಂದು ಭಾನುವಾರ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ಮನೆಗೆ ಬಂದು ತಾಯಿಯ ಮುಂದೆ ಲ್ಯಾಪ್‌ಟಾಪ್ ಇಟ್ಟಳು.

ಕದಿರಮ್ಮ ಸೊಪ್ಪು ಬಿಡಿಸುತ್ತಲೇ ನೋಡತೊಡಗಿದಳು. ಪರದೆಯ ಮೇಲೆ ಗಂಡ ಕೋದಂಡಪ್ಪ ಕಾಣಿಸಿದಾಗ ಕೈ ನಿಂತಿತು. ಗಣಿಯ ದೂಳು ಕುಡಿದು ಎದೆ ಕೆಟ್ಟು ಸತ್ತವನು, ಅಲ್ಲಿ ಬಾವುಟ ಹಿಡಿದು ನಡೆಯುತ್ತಿದ್ದ. ಹಿಂದೆ ನೂರಾರು ಗಂಡಸರು. ಆಮೇಲೆ ಒಂದು ಅಡುಗೆಮನೆ; ಬಾಯಿಗೆ ಸೆರಗು ಒತ್ತಿಕೊಂಡು ಅಳುವ ಹೆಂಗಸು.

"ಅದ್ಯಾರೇ ಅವಳು?"

"ನೀನೇ ಕಣಮ್ಮ."

ಕದಿರಮ್ಮ ಮೊರವನ್ನು ಪಕ್ಕಕ್ಕೆ ತಳ್ಳಿದಳು. "ನಾನ್ಯಾವತ್ತೇ ಅತ್ತಿದ್ದು? ನಿಮ್ಮಪ್ಪ ಮೆರವಣಿಗೇಲಿ ಓದಾಗ ನಾನು ಗಣಿ ಗೇಟ್ ಮುಂದೆ ನೆಲದ್ ಮೇಲೆ ಮಲಗಿದ್ದೆ. ನಾನು, ಪಕ್ಕದ ಲೈನ್‌ಮನೆ ಆದಿಲಕ್ಷ್ಮಮ್ಮ, ಇನ್ನೂ ಇಪ್ಪತ್ತು ಎಂಗಸ್ರು. ಮಿಷನ್ನು ತುಂಬ್ಕೊಂಡು ಓಗೋಕೆ ಬಂದಿದ್ದ ಲಾರಿ ಎರಡು ದಿನ ಅಲ್ಲಾಡ್ಲಿಲ್ಲ. ಮೂರನೇ ದಿನ ಪೊಲೀಸ್ರು ಬಂದು ಜುಟ್ಟು ಇಡ್ದು ಎಳ್ದಾಕಿದ್ರು. ಈ ಕೈ ಮುರ್ದಿದ್ದು ಆವಾಗ."

"ನೀನು ನಲ್ಲಿ ಹತ್ರ ಜಾರಿ ಬಿದ್ದೆ ಅಂತ ಅಪ್ಪ..."

"ಮಗು ಎದರ್ಕೊಳ್ತದೆ ಅಂತ ಅವ್ನು ಅಂಗಂದ. ನಾನೂ ಸುಮ್ಕಿದ್ದೆ."

ಸುಮ್ಮನಿದ್ದದ್ದು ನಿಜ. ಗಣಿ ಮುಚ್ಚಿದ ಮೇಲೆ ಇಪ್ಪತ್ತು ವರ್ಷ ಬೆಳಗಿನ ರೈಲು ಹತ್ತಿ, ಬೆಂಗಳೂರಿನಲ್ಲಿ ಕಂಡವರ ಪಾತ್ರೆ ತಿಕ್ಕಿ ಬಂದವಳಿಗೆ ಕತೆ ಹೇಳಲು ಪುರಸೊತ್ತೆಲ್ಲಿತ್ತು? ಈಗ ಅಷ್ಟು ವರ್ಷ ನುಂಗಿದ್ದ ಸಿಟ್ಟೆಲ್ಲ ಒಟ್ಟಿಗೆ ಎದ್ದಿತು. ಮಗಳ ಮೇಲೆ, ಸತ್ತ ಗಂಡನ ಮೇಲೆ, ತನ್ನ ಮೇಲೆಯೂ.

"ಸ್ಪರ್ಧೆಗೆ ಕಳಿಸಿಬಿಟ್ಟಿದ್ದೀನಿ ಅಮ್ಮ," ಎಂದಳು ಕಲಾ.

"ಅಂಗಾದ್ರೆ ನನ್ನ ಅದ್ರಿಂದ ತೆಗೆದಾಕು. ಸುಳ್ಳು ಕದಿರಮ್ಮ ಬ್ಯಾಡ."

ಮೂರು ವಾರ ಅವಳು ಮಗಳ ಫೋನು ಎತ್ತಲಿಲ್ಲ. ಕೊನೆಗೆ ಕಲಾ ಸ್ಪರ್ಧೆಯಿಂದ ಸಿನಿಮಾ ವಾಪಸು ತೆಗೆದುಕೊಂಡಳು. ಆದಿಲಕ್ಷ್ಮಮ್ಮನ ಮನೆಗೂ ಹೋಗಿ ಎಲ್ಲವನ್ನೂ ಕೇಳಿ ಬರೆದುಕೊಂಡಳು. ಎಂಟು ತಿಂಗಳು ಕೂತು ಹೊಸದಾಗಿ ಚಿತ್ರ ಬರೆದಳು.

ಮೊದಲ ಪ್ರದರ್ಶನ ಚಾಂಪಿಯನ್ ರೀಫ್ಸ್‌ನ ಸಮುದಾಯ ಭವನದಲ್ಲೇ. ಮುಗಿದ ಮೇಲೆ ಗಣಿ ಕಾರ್ಮಿಕರ ಸಂಘದ ಹಳೆಯ ಮುಖಂಡ ಸೆಲ್ವರಾಜ್ ಎದ್ದು, "ಹೋರಾಟ ಮಾಡಿದ್ದು ನಾವಮ್ಮ. ಹೆಂಗಸರು ಊಟ ತಂದುಕೊಟ್ಟರು, ಅಷ್ಟೇ. ಇದೇನು ಹೊಸದು?" ಎಂದ.

ಕಲಾ ಬಾಯಿ ತೆರೆಯುವ ಮೊದಲೇ ಕದಿರಮ್ಮ ಎದ್ದಿದ್ದಳು. "ನಮ್ಮನ್ನ ಎಳ್ದಾಕ್ದಾಗ ನೀನು ಎದುರುಗಡೆ ಟೀ ಅಂಗಡೀಲಿ ಕೂತಿದ್ದೆ ಸೆಲ್ವರಾಜಣ್ಣ. ಲೋಟ ಕೆಳಗಿಡ್ಲಿಲ್ಲ ನೀನು. ನಾನು ನೆಲದ್ ಮೇಲಿಂದ ನೋಡ್ತಿದ್ದೆ."

ಸೆಲ್ವರಾಜ್ ಕೂತುಬಿಟ್ಟ. ಹಿಂದಿನ ಸಾಲಿನಲ್ಲಿ ಆದಿಲಕ್ಷ್ಮಮ್ಮ ಜೋರಾಗಿ, "ಅವುನು, ನಾನೂ ನೋಡ್ದೆ!" ಎಂದಳು.

ಮನೆಗೆ ಬರುವ ಆಟೋದಲ್ಲೂ ಕದಿರಮ್ಮನ ಸಿಟ್ಟು ಇಳಿದಿರಲಿಲ್ಲ. ಕಲಾ ಮೆಲ್ಲಗೆ, "ಟೀ ಅಂಗಡೀನೂ ಸೇರಿಸ್ಲಾ?" ಎಂದಳು.

"ಕೇಳ್ತೀಯಲ್ಲೇ! ನಾಳೇನೇ ಕೂತು ಬರಿ."