ತಲಪರಿಗೆಯ ಎಂಟು ಸೀಸೆ

ನಾನು ಓದು ಬಿಟ್ಟದ್ದು ೧೯೨೪ರಲ್ಲಿ, ಲೋವರ್ ಸೆಕೆಂಡರಿ ಮುಗಿಯುವ ಮುಂಚೆ. ಊರ ಮೆಟ್ಟಿಲುಬಾವಿಯ ನೀರು ಕುಡಿದು ಅಪ್ಪನ ಕಾಲಿಗೆ, ನಾರಿನಂಥ ಹುಳು ಚರ್ಮ ಒಡೆದು ಹೊರಬರುವ ನಾರುಹುಣ್ಣಾಗಿತ್ತು. ನೇಗಿಲು ಹಿಡಿಯುವವರು ಬೇಕಿತ್ತು, ಹಿಡಿದೆ. ಅದಕ್ಕೆ ಯಾರ ಮುಂದೆಯೂ ನಾಚಿಕೊಂಡವನಲ್ಲ. ಹತ್ತು ವರ್ಷದ ಮೇಲೆ ತಮ್ಮಂದಿರು ಹೊಲ ನೋಡಿಕೊಳ್ಳುವಂತಾದರು; ನಾನು ಕೊರಟಗೆರೆಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರ ಹತ್ತಿರ ಜವಾನನಾಗಿ ಸೇರಿದೆ.

ನನ್ನ ಮುಖ್ಯ ಕೆಲಸ ಸೀಸೆಯದು. ಜಯಮಂಗಲಿ ಹೊಳೆಯ ನೀರು, ಬಾವಿ ನೀರು ಹಿಡಿದು, ಪೆಟ್ಟಿಗೆಯಲ್ಲಿ ಒದ್ದೆ ಹೊಟ್ಟಿನ ನಡುವೆ ಇಟ್ಟು, ಬೆಳಗಿನ ಬಸ್ಸಿಗೆ ತುಮಕೂರು, ಅಲ್ಲಿಂದ ರೈಲಿಗೆ ಬೆಂಗಳೂರು. ಹನ್ನೊಂದು ವರ್ಷದಲ್ಲಿ ಒಂದು ಸೀಸೆಯೂ ಒಡೆಯಲಿಲ್ಲ. "ಬಿರಡೆಯ ಒಳಮೈಗೆ ಬೆರಳು ತಾಗಿತೋ, ಬೆಂಗಳೂರಿನವರು ಪರೀಕ್ಷೆ ಮಾಡೋದು ಹೊಳೆಯನ್ನಲ್ಲ, ನಿನ್ನ ಕೈಯನ್ನ" ಎನ್ನುತ್ತಿದ್ದರು ಇನ್ಸ್‌ಪೆಕ್ಟರು. ಪೇಟ ಕಟ್ಟಿದ ಅಧಿಕಾರಿಯೊಬ್ಬರು ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗಿಳಿದು ಕೆಲಸ ಕಲಿಸಿದ್ದನ್ನು ನಾನು ನೋಡಿದ್ದು ಅವರಲ್ಲಿ ಮಾತ್ರ.

ಒಂದು ಬೇಸಿಗೆ, ಹೊಳೆಯ ಮೇಲುಗಡೆ ಊರೊಂದರಲ್ಲಿ ವಾಂತಿಭೇದಿ ಕಾಣಿಸಿತು. ಅದರ ಕೆಳಗೇ ನನ್ನೂರು. ಅಪ್ಪನ ಕಾಲು ಕೆಟ್ಟ ಮೇಲೆ ನಮ್ಮವರು ಮೆಟ್ಟಿಲುಬಾವಿ ಬಿಟ್ಟು ತಲಪರಿಗೆಯ ನೀರು ಕುಡಿಯುತ್ತಿದ್ದರು. ಹೊಳೆಯ ಮರಳು ಬಗೆದು ಒರತೆ ನೀರು ನಿಲ್ಲಿಸುವ ಗುಂಡಿಗೆ ನಮ್ಮ ಕಡೆ ತಲಪರಿಗೆ ಅನ್ನುತ್ತಾರೆ. ಅದರ ನೀರು ಹಿಡಿದೆವು. "ಕುಡಿಯಲು ಯೋಗ್ಯವಲ್ಲ" ಎಂದು ಬೆಂಗಳೂರಿನಿಂದ ಬಂತು. ತಲಪರಿಗೆಗೆ ಮುಳ್ಳು ಹಾಕಿ, ಮೆಟ್ಟಿಲುಬಾವಿಗೆ ಔಷಧಿ ಬೆರೆಸಿ ಕುಡಿಯಬೇಕೆಂದು ಇನ್ಸ್‌ಪೆಕ್ಟರು ಆಜ್ಞೆ ಮಾಡಿದರು. ನಾನು ನಾರುಹುಣ್ಣಿನ ಮಾತೆತ್ತಿದೆ.

"ವಾಂತಿಭೇದಿ ಒಂದು ದಿನದಲ್ಲಿ ಕೊಲ್ಲುತ್ತೆ ಕಣಯ್ಯಾ, ನಾರುಹುಣ್ಣು ಕೊಲ್ಲೋದಿಲ್ಲ" ಎಂದರು ಇನ್ಸ್‌ಪೆಕ್ಟರು. ಅವರ ಮಾತಲ್ಲಿ ತಪ್ಪಿರಲಿಲ್ಲ. ಆದರೆ ಅಪ್ಪ ಹೊಸಲು ದಾಟಲು ಗೋಡೆ ಹಿಡಿಯುತ್ತಿದ್ದುದನ್ನು ಅವರು ನೋಡಿರಲಿಲ್ಲ.

ಮುಳ್ಳು ಹಾಕಲು ಹೋದವನೂ ನಾನೇ. ಊರ ನೀರು ಕಾಯುವ ನೀರುಗಂಟಿ, ನನಗೆ ಮಾವನ ವರಸೆ, ಗುಂಡಿಯ ದಡದಲ್ಲಿ ಕೂತಿದ್ದ.

"ಓದು ಬುಟ್ಟೋನು ಅಂತ ನಿನ್ನ ಆಡ್ಕೊಂತಿದ್ದೆ ಕಣ್ಲಾ. ಈಗ ಓದಿದೋರ್ನ ಕರ್ಕಂಬಂದು ನಮ್ಮ ಬಾಯಿಗೆ ಮುಳ್ಳು ಹಾಕ್ತಿದ್ದೀಯ."

"ನೀರು ಕೆಟ್ಟೈತೆ ಮಾವ. ಸೀಸೆ ಹೇಳ್ತೈತೆ."

"ಕೆಡದೆ ಇನ್ನೇನು? ನೀವು ಹಿಡಿದದ್ದು ಹೂಳೆತ್ತಿದ ದಿನ."

ಕೈಲಿದ್ದ ಜಾಲಿಮುಳ್ಳು ಕೆಳಗಿಟ್ಟೆ. "ಯಾವ ಹೂಳು?"

"ಸಾಹೇಬ್ರು ಬತ್ತಾರೆ ಅಂತ ಹೇಳಿಕಳಿಸಿದೋನು ನೀನೇ ಅಲ್ವಾ? ಗುಂಡಿ ಚೊಕ್ಕಟವಾಗಿರಲಿ ಅಂತ ಮನೆಗೊಬ್ರು ಇಳಿದು, ಎತ್ತು ಇಳಿಸಿ ಕೆಸರು ಎಳೆಸಿದ್ವಿ."

ಹೂಳೆತ್ತಿದ ಮೇಲೆ ಮೂರು ದಿನ ಆ ನೀರನ್ನು ಊರಲ್ಲಿ ಯಾರೂ ಮುಟ್ಟುವುದಿಲ್ಲ. ಗುರುತಿಗೆ ದಡದಲ್ಲಿ ಬೇವಿನ ಟೊಂಗೆ ನೆಡುತ್ತಾರೆ.

"ಟೊಂಗೆ ಇರಲಿಲ್ಲವಲ್ಲ ಮಾವ."

"ಕಿತ್ತಾಕಿದ್ವಿ. ಸಾಹೇಬ್ರ ಕಾಲಿಗೆ ಅಡ್ಡ ಆಗ್ತದೆ ಅಂತ."

"ಬಾಯಿಬಿಟ್ಟು ಹೇಳಬಾರದಿತ್ತೆ?"

"ಕೇಳಿದ್ರೆ ತಾನೆ ಹೇಳೋದು?"

ದೊಡ್ಡವರಿಗೆ ನಾವು ಮಾಡುವ ಮರ್ಯಾದೆ ಹೀಗೆಯೇ. ಮನುಷ್ಯರೂ ದನವೂ ತುಳಿದು ಕದಡಿದ, ಊರೇ ಬಾಯಿಗಿಡದ ನೀರನ್ನು ಸೀಸೆಗೆ ಕೊಟ್ಟಿದ್ದರು.

ಕೊರಟಗೆರೆಗೆ ನಡೆದೇ ಹೋದೆ. ವರದಿ ಆಗಲೇ ಮೇಲಕ್ಕೆ ಹೋಗಿತ್ತು. ಬೇರೆಯವರಾಗಿದ್ದರೆ ಜವಾನನ ಮಾತಿಗೆ ನಕ್ಕು ಕಳಿಸುತ್ತಿದ್ದರು. ನಮ್ಮ ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟು, "ಎತ್ತು ಎಷ್ಟು ಹೊತ್ತು ಒಳಗಿದ್ದವು?" ಎಂದರು. ನನಗೆ ಗೊತ್ತಿರಲಿಲ್ಲ. "ಗೊತ್ತಿರುವವನ ಹತ್ತಿರ ನಡಿ."

ತಲಪರಿಗೆಯ ದಡದಲ್ಲಿ ಮಾವನ ಪಕ್ಕ ನೆಲದ ಮೇಲೆ ಕೂತು ಗಂಟೆಗಟ್ಟಲೆ ಕೇಳಿದರು. ದನ ಯಾವಾಗ ಹಾಯುತ್ತವೆ, ಮಳೆ ಬಿದ್ದರೆ ಯಾವ ಕಡೆಯಿಂದ ಕೆಂಪು ನೀರು ನುಗ್ಗುತ್ತದೆ, ಎಷ್ಟು ದಿನಕ್ಕೆ ತಿಳಿಯಾಗುತ್ತದೆ. ಅಕ್ಷರ ತಿಳಿಯದ ಮಾವ ಒಂದಕ್ಕೂ ತಡವರಿಸಲಿಲ್ಲ. ಮತ್ತೆ ಸೀಸೆ ಹಿಡಿಯುತ್ತೇವೆ, ಫಲಿತ ಬರುವ ತನಕ ತಲಪರಿಗೆಯ ನೀರನ್ನೇ ಕುದಿಸಿ ಕುಡಿಯಿರಿ, ಮೆಟ್ಟಿಲುಬಾವಿಗೆ ಯಾರೂ ಇಳಿಯಬೇಡಿ ಎಂದು ಇನ್ಸ್‌ಪೆಕ್ಟರು ಊರಿಗೆ ಹೇಳಿದರು.

ಎಂಟು ಸೀಸೆ ಹಿಡಿದೆ. ನಸುಕಿಗೆ, ನಡುಹಗಲಿಗೆ, ದನ ಹಾಯ್ದ ಮೇಲೆ ಸಂಜೆಗೆ ತಲಪರಿಗೆಯಿಂದ ಮೂರು. ಮರಳ ಮೇಲಿನ ಹೊಳೆಯ ಸಣ್ಣ ಹರಿವಿನಿಂದ ಎರಡು. ಮಳೆ ಬಿದ್ದ ದಿನ ಮತ್ತೆ ಗುಂಡಿಯಿಂದ ಎರಡು. ಆ ಮಳೆಯ ಮೂರನೇ ದಿನಕ್ಕೆ ಒಂದು. ಸೀಸೆಗೆ ಅಂಟಿಸುವ ಚೀಟಿಗಳ ಮೇಲೆ ಹೊತ್ತು ಬರೆದದ್ದು ನಾನೇ. ಒಂದೇ ಹೊಳೆ, ಎಂಟು ಮಾತು ಹೇಳಿತು. ಹರಿವಿನ ನೀರು ಕೆಟ್ಟಿತ್ತು, ಸಂಜೆಯದೂ ಕೆಟ್ಟಿತ್ತು, ಮಳೆಯ ದಿನದ್ದಂತೂ ಕೇಳಬೇಡಿ. ನಸುಕಿನದು, ನಡುಹಗಲಿನದು, ಮೂರನೇ ದಿನದ್ದು ಚೆನ್ನಾಗಿದ್ದವು.

"ನನ್ನ ಮೊದಲ ವರದಿ ಒಂದೇ ಸೀಸೆಯದು, ಅದನ್ನು ನಂಬಿ ಆಜ್ಞೆ ಮಾಡಿದ್ದು ನನ್ನ ಆತುರ" ಎಂದು ಇನ್ಸ್‌ಪೆಕ್ಟರು ಮೇಲಿನವರಿಗೆ ಬರೆದರು. ಅಂಥ ಸಾಲು ಬರೆಯುವವರನ್ನು ಆಮೇಲೆ ನಾನು ಕಾಣಲಿಲ್ಲ. ತಲಪರಿಗೆಯ ಸುತ್ತ ಕಲ್ಲು ಕಟ್ಟಿಸಿ ದನದ ದಾರಿ ಕೆಳಕ್ಕೆ ತಿರುಗಿಸಿದರು. ಮಳೆಯಾದರೆ ಮೂರು ದಿನ ಕುದಿಸಿದ ನೀರು. ನಮ್ಮ ಚೀಟಿಯಲ್ಲಿ ತುಂಬಬೇಕಾದ ಒಂದು ಮನೆ ಹೆಚ್ಚಾಯಿತು: 'ಹಿಂದಿನ ಮೂರು ದಿನ ಇಲ್ಲಿ ಏನು ನಡೆಯಿತು?' ಮೊದಲು ಬರೆದ ಕೈ ನನ್ನದು.

ಈಗ ಊರಲ್ಲೇ ಇದ್ದೇನೆ. ನನ್ನ ಹತ್ತಿರ ಒಂದೂವರೆ ಎಕರೆ ಹೊಲ, ಒಂದು ಜೊತೆ ಎತ್ತು, ಆ ಮರದ ಪೆಟ್ಟಿಗೆ, ಎರಡು ಖಾಲಿ ಸೀಸೆ ಇವೆ. ಹೆಂಡತಿ, ಮೂವರು ಮಕ್ಕಳು. ಮಕ್ಕಳ ಆರು ಕಾಲಲ್ಲಿ ಒಂದರಲ್ಲೂ ನಾರುಹುಣ್ಣಿನ ಕಲೆಯಿಲ್ಲ.